ಗಾಳದ ಕೋಲು ಆರಿಸಿದ ಕ್ಷೌರಿಕ

"ಮುನ್ನೂರು ಸಲ ಬಾಗಿತು, ಒಂದು ಸಲವೂ ನೆನೆಯಲಿಲ್ಲ. ಏನದು ಹೇಳು" ಎಂದರು ಗುರುಗಳು.

ಶಿಷ್ಯ ತಲೆ ಕೆರೆದುಕೊಂಡ. ಅವನು ಕೇಳಿದ್ದೇ ಬೇರೆ. ಗಾಳಕ್ಕೆ ಹುಳುವಿನ ಬದಲು ಗರಿಯಿಂದ ಮಾಡಿದ ನೊಣ ಕಟ್ಟಿ ಮೊದಲ ಸಲ ಮೀನು ಹಿಡಿಯುವವನಿಗೆ ಎಂಥ ಕೋಲು ಒಳ್ಳೆಯದು, ಅಗ್ಗವಾಗಿರಬೇಕು, ಮುರಿಯಲೂಬಾರದು ಎಂದು ಕೇಳಿದ್ದ. ನಿನ್ನೆಯೂ ಕೇಳಿದ್ದ. ಮೊನ್ನೆ ಗುರುಗಳು ಸ್ನಾನ ಮಾಡುತ್ತಿದ್ದಾಗ ಬಾಗಿಲ ಆಚೆಯಿಂದ ಕೇಳಿದ್ದ.

"ಗೊತ್ತಾಗಲಿಲ್ಲ ಗುರುಗಳೇ."

"ನಿನಗೆ ಹೇಗೆ ಗೊತ್ತಾಗುತ್ತೆ! ಕೂತ್ಕೋ" ಎಂದು ಗುರುಗಳು ಕತೆ ಹೇಳಿದರು.

ಒಬ್ಬ ಕ್ಷೌರಿಕನಿದ್ದ. ಅವನ ಮಗಳು ಚೊಚ್ಚಲ ಬಸುರಿ. ಏಳು ತಿಂಗಳಿಗೆ ತವರಿಗೆ ಬಂದಳು. ಅವಳಿಗೆ ಒಂದೇ ಬಯಕೆ. ಅಪ್ಪ ಕೈಯಾರೆ ಹಿಡಿದ ಹೊಳೆಮೀನಿನ ಸಾರು ಬೇಕು. ಬಸುರಿಯ ಬಯಕೆ ತೀರದಿದ್ದರೆ ಹುಟ್ಟುವ ಮಗುವಿನ ಕಿವಿ ಸೋರುತ್ತದೆ ಎಂದು ಆ ಊರಿನವರ ನಂಬಿಕೆ. ಕ್ಷೌರಿಕ ಹೆದರಿದ. ಆದರೆ ಎರೆಹುಳು ಮುಟ್ಟಿದ ಕೈಗೆ ಯಾರು ಗಡ್ಡ ಕೊಡುತ್ತಾರೆ? ಅದಕ್ಕೇ ಅವನು ಹುಳುವಿನ ಬದಲು ಕೊಕ್ಕೆಗೆ ಕೋಳಿಗರಿ ಸುತ್ತಿ ನೊಣದಂತೆ ಕಟ್ಟಿದ. ಅದನ್ನು ಬೀಸಿ ನೀರಿನ ಮೇಲೆ ಬಿಡಲು ಬಳುಕುವ ಕೋಲು ಬೇಕಿತ್ತು. ಅಂಗಡಿಗೆ ಹೋದ.

ವ್ಯಾಪಾರಿ ಮೂರು ಕೋಲು ತೆಗೆದಿಟ್ಟ. ಮೊದಲನೆಯದನ್ನು ಮುಂದೆ ಸರಿಸಿದ.

"ಇದು ತಗೊಳ್ಳಿ. ಒಂಬತ್ತಡಿ, ಹಗುರ, ನಡುವಿನ ತನಕ ಬಾಗುತ್ತೆ. ಕಲಿಯುವವರ ಕೈ ತಪ್ಪಿದರೂ ಸಹಿಸಿಕೊಳ್ಳುತ್ತೆ. ಬೆಲೆಯೂ ಕಮ್ಮಿ. ಉಳಿದ ದುಡ್ಡಲ್ಲಿ ಒಳ್ಳೆ ದಾರ ತಗೊಳ್ಳಿ. ನೊಣವನ್ನು ದೂರ ಒಯ್ಯೋದು ದಾರದ ಭಾರ."

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಕ್ಷೌರಿಕ, ಕತ್ತಿ ಕೊಳ್ಳುವಾಗ ಅಲಗನ್ನು ಉಗುರಿನ ಮೇಲೆ ಎಳೆದು ನೋಡುವವನು. ಉಗುರು ಹೇಳಿದ್ದು ಒಮ್ಮೆಯೂ ತಪ್ಪಿರಲಿಲ್ಲ. ಕೋಲಿನ ಗುಣವನ್ನೂ ಕೈಯೇ ಹೇಳಿಬಿಡುತ್ತದೆ ಎಂದುಕೊಂಡ. ಬಗ್ಗಿಸಿದ, ಬಿಟ್ಟ. ಇನ್ನೊಂದನ್ನು ಬಗ್ಗಿಸಿದ. ನಾಳೆ ಬರುತ್ತೇನೆ ಎಂದ. ಮರುದಿನ ಬಂದು ಮತ್ತೆ ಮೊದಲಿನಿಂದ ಬಗ್ಗಿಸಿದ. ಹೀಗೇ ಎಂಟನೇ ತಿಂಗಳು ಬಂತು.

"ಅಣ್ಣಾ, ಇದು ನಿಮ್ಮ ಕತ್ತಿ ಅಲ್ಲ" ಎಂದ ವ್ಯಾಪಾರಿ. "ಇದರ ಗುಣ ಹೊಳೇಲಿ ಗೊತ್ತಾಗುತ್ತೆ, ನನ್ನ ಅಂಗಡೀಲಲ್ಲ."

"ಎರಡನೇದು ಸ್ವಲ್ಪ ಗಟ್ಟಿ ಅನ್ನಿಸ್ತಪ್ಪ. ಇನ್ನೊಂದ್ಸಲ ಕೊಡು."

ಮನೆಯಲ್ಲಿ ಮಗಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, "ಬಿಡಪ್ಪಾ, ಇವನೇ ಹುಟ್ಟಿ ದೊಡ್ಡವನಾಗಿ ಮೀನು ಹಿಡ್ಕೊಂಡು ಬರ್ತಾನೆ" ಎಂದಳು.

ಒಂಬತ್ತು ತುಂಬುವ ದಿನ ವ್ಯಾಪಾರಿಗೆ ರೇಗಿತು. ಮೊದಲು ತೋರಿಸಿದ ಕೋಲನ್ನೇ ಕ್ಷೌರಿಕನ ಕಂಕುಳಿಗೆ ತುರುಕಿ ಹೊಳೆಯ ಕಡೆಗೆ ದೂಡಿದ. ಮೊದಲ ಬೀಸಿಗೆ ಕೊಕ್ಕೆ ಕ್ಷೌರಿಕನ ರುಮಾಲಿಗೇ ಸಿಕ್ಕಿಕೊಂಡಿತು. ಎರಡನೆಯ ಬೀಸಿಗೆ ದಡದ ಹೊಂಗೆಮರಕ್ಕೆ. ಕೋಲು ಮುರಿಯಲಿಲ್ಲ. ಹೊತ್ತು ಇಳಿಯುವಷ್ಟರಲ್ಲಿ ಅಂಗೈಯಗಲದ ಒಂದು ಮೀನು ಬಿತ್ತು. ಮಗಳು ಸಾರು ಉಂಡಳು. ಮರುದಿನ ಗಂಡುಮಗು ಹುಟ್ಟಿತು. ಎರಡು ಕಿವಿಯೂ ಚೊಕ್ಕವಾಗಿದ್ದವು.

ಶಿಷ್ಯ ನೆಮ್ಮದಿಯ ಉಸಿರು ಬಿಟ್ಟ. ಆಮೇಲೆ ಕೇಳಿದ:

"ಆದರೂ ಗುರುಗಳೇ, ಆ ಎರಡನೇ ಕೋಲು ಎಷ್ಟು ಅಡಿ ಇತ್ತು?"

ಗುರುಗಳು ಹಣೆ ಚಚ್ಚಿಕೊಂಡರು.

"ಅವನು ಹೊಳೆಗೆ ಹೋದ ಅಂದದ್ದು ನಾನೇ ಕಟ್ಟಿದ ಕೊನೆ ಕಣಯ್ಯಾ, ಅವನಿನ್ನೂ ಅಂಗಡಿಯಲ್ಲೇ ಒಂದು ಸಲವೂ ನೆನೆಯದ ಆ ಕೋಲು ಬಗ್ಗಿಸುತ್ತಿದ್ದಾನೆ, ಮಗುವಿನ ಕಿವಿ ಸೋರುತ್ತಿದೆ."