ಪುಟ್ಮಾದ ನೀರು ತಿಳಿ ಮಾಡಿದ್ದು

ನಿಂಗಾಜಮ್ಮನಿಗೆ ಒಬ್ಬನೇ ಮಗ, ಪುಟ್ಮಾದ. ಆಳು ಕೋಣದಷ್ಟು ಬೆಳೆದಿದ್ದ, ಬುದ್ಧಿ ಮಾತ್ರ ಕರುವಿನದು. ಹೇಳಿದ್ದನ್ನು ಹೇಳಿದ ಹಾಗೇ ಮಾಡೋನು. ಅದೇ ಅವಳ ಗೋಳು.

ಎರಡು ವರ್ಷ ಹುಡುಕಿದ ಮೇಲೆ, ಹೆಣ್ಣಿನ ಕಡೆಯವರೊಬ್ಬರು ನಾಳಿದ್ದು ಗಂಡು ನೋಡೋಕೆ ಬರ್ತೀವಿ ಅಂದರು. ಊರಿನ ಕಟ್ಟೆಯ ನೀರೋ, ಹೊಂಗೆ ಎಲೆ ಕೊಳೆತು ಕೊಳೆತು ಕಷಾಯದ ಬಣ್ಣ. ಬಟ್ಟೆಯಲ್ಲಿ ಸೋಸಿದರೂ ಹೋಗದು.

"ಇಂಥ ನೀರು ಕೊಟ್ಟರೆ ಯಾರು ಹೆಣ್ಣು ಕೊಡ್ತಾರೆ?" ಅಂತ ಅವಳು ನೀರು ತಿಳಿ ಮಾಡೋ ಪಟಿಕದ ಗಡ್ಡೆ ತಂದಳು. "ಲೋ ಮಾದ, ಇದನ್ನ ಹಿಡ್ಕೊಂಡು ನೀರಲ್ಲಿ ಹತ್ತು ಸುತ್ತು ಸುತ್ತು" ಅಂದು ಹೊಲಕ್ಕೆ ಹೋದಳು.

ಬಂದು ನೋಡಿದರೆ, ಮಗ ಕಟ್ಟೆಗಿಳಿದು ಎದೆಮಟ್ಟದ ನೀರಲ್ಲಿ ಸುತ್ತುತ್ತಿದ್ದಾನೆ. ಪಟಿಕ ಕರಗೇ ಹೋಗಿದೆ.

"ಏಳಾಯ್ತವ್ವ. ಇನ್ನು ಮೂರು."

"ನಿನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ಸುತ್ತೋದು ನೀನಲ್ಲ, ಪಟಿಕ. ಹಂಡೆಯೊಳಗೆ ಸುತ್ತಿಸು. ಆಮೇಲೆ ಅಲ್ಲಾಡಬಾರದು. ತಿಳೀತಾ?"

ತಿಳೀತು. ಮಾರನೇ ದಿನ ಹೊಸ ಪಟಿಕ. ಹಂಡೆಯೊಳಗೆ ಸುತ್ತಿಸಿದ. ಸುತ್ತಿಸಿ, ಕೈ ನೀರಲ್ಲೇ ಬಿಟ್ಟು, ಅಲ್ಲಾಡದೆ ನಿಂತ. ಎಮ್ಮೆ ಹಗ್ಗ ಬಿಚ್ಚಿಕೊಂಡು ಬಂತು. ಹಂಡೆಗೆ ಮೂತಿ ಇಟ್ಟಿತು. ತಳ ಕಾಣುವವರೆಗೂ ಕುಡಿಯಿತು. ಪುಟ್ಮಾದ ಅಲ್ಲಾಡಲಿಲ್ಲ.

ನಿಂಗಾಜಮ್ಮ ಹಣೆ ಚಚ್ಚಿಕೊಂಡಳು. "ಅಲ್ಲಾಡಬಾರದ್ದು ನೀರು ಕಣೋ. ಮುಚ್ಚಿಟ್ಟು ಬಿಟ್ಟರೆ ಕೊಳೆಯೆಲ್ಲ ಹತ್ತಿಯುಂಡೆ ಹಾಗೆ ಗಂಟುಗಟ್ಟಿ ತಳಕ್ಕಿಳಿಯುತ್ತೆ. ಆಗ ಮೇಲಿಂದು ಇಟ್ಕೋ, ಕೆಳಗಿಂದು ಚೆಲ್ಲು."

ಸಂಜೆಗೆ ಮತ್ತೊಂದು ಹಂಡೆ. ಮೇಲಿದ್ದದ್ದು ಮುಚ್ಚಳ. ಅದನ್ನು ಜೋಪಾನವಾಗಿ ಎತ್ತಿಟ್ಟುಕೊಂಡ. ಕೆಳಗಿದ್ದ ನೀರನ್ನೆಲ್ಲ ಬಚ್ಚಲಿಗೆ ಸುರಿದ.

ನಿಂಗಾಜಮ್ಮ ಮತ್ತೆ ಅವನ ಕೈಗೆ ಪಟಿಕ ಕೊಡಲಿಲ್ಲ. ಬೆಳಗ್ಗೆ ತಾನೇ ಸುತ್ತಿಸಿದಳು, ತಾನೇ ಕಾದಳು, ತಾನೇ ಮೇಲಿನ ತಿಳಿಯನ್ನು ಬಗ್ಗಿಸಿ ಚೊಂಬು ತುಂಬಿದಳು. "ನೋಡಿ ಕಲಿ. ಮೇಲಿರೋದು ತಿಳಿ, ಕೆಳಗೆ ಕೂತದ್ದೆಲ್ಲ ಕೊಳೆ. ಅದನ್ನ ಎತ್ತಿ ಆಚೆಗೆ ಹಾಕಬೇಕು. ಇಷ್ಟು ನೆನಪಿಟ್ಕೊಂಡ್ರೆ ಸಾಕು ನನ್ನಪ್ಪ."

"ಇಟ್ಕೊಂಡೆ ಅವ್ವ."

ನೆಂಟರು ಬಂದರು. ಹೆಣ್ಣಿನ ಸೋದರಮಾವ ಮಂಚದ ಮೇಲೆ ಕೂತ. ಹೆಣ್ಣಿನ ಅಪ್ಪ ಮರಿಜವರಪ್ಪ, ಸೆಖೆ ಅಂತ ನೆಲಕ್ಕೇ ಚಾಪೆ ಹಾಕಿಸಿಕೊಂಡು ಕೂತ. ನಿಂಗಾಜಮ್ಮ ಬೆಲ್ಲ ತರಲು ಒಳಗೆ ಹೋದಳು.

ದೊಪ್ಪೆಂದು ಸದ್ದಾಯಿತು.

ಓಡಿ ಬಂದರೆ, ಬೀಗನಾಗಬೇಕಿದ್ದವನು ಚಾಪೆ ಸಮೇತ ಮನೆಮುಂದಿನ ತಿಪ್ಪೆಯ ಮೇಲಿದ್ದಾನೆ. ಪುಟ್ಮಾದ ಕೈ ಒರೆಸಿಕೊಂಡು, ಮಂಚದ ಮೇಲೇ ಮುದುರಿಕೊಂಡಿದ್ದ ಸೋದರಮಾವನಿಗೆ ಚೊಂಬು ಚಾಚಿದ.

"ನೀವು ಹೆದರಬೇಡಿ, ಕುಡೀರಿ" ಅಂದ. "ನೀವು ತಿಳಿ."