ಅಗಳಿಯ ಪಕ್ಕದ ಕುರ್ಚಿ

ಹುಬ್ಬಳ್ಳಿಯಲ್ಲಿ ಮಹಾರುದ್ರಪ್ಪ ಎಂಬ ಹತ್ತಿ ವ್ಯಾಪಾರಿ ಇದ್ದರು. ಊರೆಲ್ಲ ಅವರನ್ನು ಸಾವಕಾರರು ಎನ್ನುತ್ತಿತ್ತು. ಹತ್ತಿಯ ವ್ಯಾಪಾರ ಇಳಿದ ಮೇಲೆ ಅವರು ಹತ್ತಿ ಬಿಡಿಸುವ ತಮ್ಮ ಹಳೆಯ ಜಿನ್ನಿಂಗ್ ಫ್ಯಾಕ್ಟರಿಯ ಮಾಳಿಗೆಯಲ್ಲಿ ಹೊಸ ದಂಧೆ ಶುರು ಮಾಡಿದರು. ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಮುಂಬೈಯ ಷೇರು ಕೊಳ್ಳುವುದು, ಮಾರುವುದು.

ಈಗ ಇಂಥ ಕೆಲಸಗಳಿಗೆ ದೊಡ್ಡ ದೊಡ್ಡ ಹೆಸರುಗಳಿವೆ. ಸೂತ್ರ ಬರೆಯುವವರು ಕ್ವಾಂಟ್, ಕೊಂಡು ಮಾರುವವರು ಟ್ರೇಡರ್, ಮನೆ ಮುಳುಗದಂತೆ ನೋಡಿಕೊಳ್ಳುವವರು ರಿಸ್ಕ್. ಕಾಲೇಜಿನ ಮಕ್ಕಳು ಮೊಬೈಲ್ ಹಿಡಿದು, ಯಾವುದಕ್ಕೆ ಸಂಬಳ ಹೆಚ್ಚು ಎಂದು ಹುಡುಕುತ್ತಾ ತಟ್ಟೆಯ ಊಟ ತಣ್ಣಗಾಗಿಸಿಕೊಳ್ಳುತ್ತಾರೆ. ಆಗ ಆ ಹೆಸರುಗಳು ಹುಬ್ಬಳ್ಳಿಗೆ ಬಂದಿರಲಿಲ್ಲ. ಕೆಲಸ ಮಾತ್ರ ಬಂದಿತ್ತು.

ಮಾಳಿಗೆಯಲ್ಲಿ ಎರಡು ಕೋಣೆ. ಒಳಗಿನದು ಕಂಪ್ಯೂಟರ್ ಕೋಣೆ. ಅಲ್ಲಿ ಏಸಿ ಇತ್ತು. ಚಪ್ಪಲಿ ಹೊರಗೆ ಬಿಟ್ಟು, ದೇವರ ಮನೆಗೆ ಹೋದಂತೆ ಹೋಗಬೇಕು. ಬೇಸಿಗೆಯಲ್ಲಿ ಎಲ್ಲರಿಗೂ ಆ ಕೋಣೆಯಲ್ಲೇ ಕೆಲಸ ನೆನಪಾಗುತ್ತಿತ್ತು. ಜಂತಿಯಲ್ಲಿ ಸಿಕ್ಕಿಕೊಂಡಿದ್ದ ಹಳೆಯ ಹತ್ತಿಯ ಎಳೆ ಆಗಾಗ ಕೀಲಿಮಣೆಯ ಮೇಲೆ ಉದುರುತ್ತಿತ್ತು. ಅಲ್ಲಿ ಕೂತು ಸೂತ್ರ ಬರೆಯುವವನು ಧಾರವಾಡದ ಶ್ರೀಪಾದ. ಹೊರಗಿನದು ಫೋನಿನ ಕೋಣೆ. ಅಲ್ಲಿ ಧರಣೇಂದ್ರ ಕೂರುತ್ತಿದ್ದ. ಒಳಗಿನಿಂದ ಯಾವ ಷೇರು ಎಷ್ಟು ಎಂಬ ಚೀಟಿ ಬಂದರೆ ಅವನು ಮುಂಬೈ ದಲಾಲರಿಗೆ ಫೋನು ಹಚ್ಚಿ, "ತಗೋರಿ! ತಗೋರಿ!" ಎಂದು ಕೂಗುತ್ತಿದ್ದ. ಆ ಕೂಗು ಕೇಳಲು ಕೆಳಗಿನ ಹಮಾಲರೂ ಮೆಟ್ಟಿಲ ಮೇಲೆ ನಿಲ್ಲುತ್ತಿದ್ದರು.

ಎರಡು ಕೋಣೆಗಳ ನಡುವೆ ಹಳೆಯ ತೇಗದ ಬಾಗಿಲು. ಗೋಡೆಯ ಗೂಡಿನಿಂದ ಎಳೆದರೆ ಬಾಗಿಲಿಗೆ ಅಡ್ಡ ಬರುವ ಕಟ್ಟಿಗೆಯ ಅಗಳಿ ಅದಕ್ಕಿತ್ತು. ಅಗಳಿಯ ಪಕ್ಕದಲ್ಲಿ ಒಂದು ಕುರ್ಚಿ. ಆ ಕುರ್ಚಿಯಲ್ಲಿ ಶೈಲಾ.

ಶೈಲಾ ನವಲಗುಂದದ ಕಡೆಯ ಹುಡುಗಿ. ಗಣಿತದಲ್ಲಿ ಎಮ್ಮೆಸ್ಸಿ ಮಾಡಿದ್ದಳು. ಅವಳ ಕೆಲಸ ಇಷ್ಟೇ. ಶ್ರೀಪಾದ ಚೀಟಿ ತಂದಾಗ ಒಂದು ಪ್ರಶ್ನೆ ಕೇಳಬೇಕು: "ಈ ಲೆಕ್ಕ ಸುಳ್ಳಾದರೂ ನಾಳೆ ಅಂಗಡಿ ಬಾಗಿಲು ತೆರೀತೀವೇನು?" ಹೌದು ಎಂದು ಅವಳಿಗೆ ಒಪ್ಪಿಗೆಯಾದರೆ ಚೀಟಿ ದಾಟಬೇಕು. ಇಲ್ಲವಾದರೆ ಅಗಳಿ ಎಳೆಯಬೇಕು. ಒಮ್ಮೆ ಎಳೆದ ಅಗಳಿಯನ್ನು ಸಾವಕಾರರೂ ಸರಿಸುವಂತಿರಲಿಲ್ಲ. ಹತ್ತಿಯ ಕಾಲದಿಂದ ಆ ಮನೆಯ ಪದ್ಧತಿ ಅದು.

ಶೈಲಾಗೆ ಆ ಕುರ್ಚಿ ಕಂಡರೆ ಆಗುತ್ತಿರಲಿಲ್ಲ. ಆಗುವುದಾದರೂ ಹೇಗೆ? ಲಾಭ ಬಂದ ದಿನ ಎಲ್ಲರೂ ಧರಣೇಂದ್ರನ ಬೆನ್ನು ತಟ್ಟುತ್ತಿದ್ದರು, ಶ್ರೀಪಾದನ ಬುದ್ಧಿ ಹೊಗಳುತ್ತಿದ್ದರು. ಬರಬೇಕಿದ್ದ ನಷ್ಟ ಬಾರದೆ ಹೋದ ದಿನ ಯಾರ ಬೆನ್ನನ್ನು ಯಾರು ತಟ್ಟುತ್ತಾರೆ? ಬಾರದ ನೆಂಟರಿಗೆ ಯಾರಾದರೂ ಚಹಾ ಕಾಸುತ್ತಾರೆಯೇ?

ಮನೆಗೆ ಹೋದರೆ ಅವ್ವ ಬೇರೆ ಚುಚ್ಚುತ್ತಿದ್ದಳು. "ಬಾಗಲಾ ಕಾಯಾಕ ಎಮ್ಮೆಸ್ಸಿ ಬೇಕಾತೇನವಾ? ನಮ್ಮ ನಾಯಿ ಪುಕ್ಕಟೆ ಕಾಯತೈತಿ."

ಶೈಲಾಗೆ ಬೇಕಿದ್ದದ್ದು ಫೋನಿನ ಕುರ್ಚಿ. ಕಪ್ಪು ಫೋನು ಎತ್ತಿ ತಾನೂ ಒಮ್ಮೆ "ತಗೋರಿ!" ಎನ್ನಬೇಕು, ಮೆಟ್ಟಿಲ ಮೇಲಿನವರು ಕಿವಿ ಕೊಟ್ಟು ಕೇಳಬೇಕು. ಇದನ್ನು ಸಾವಕಾರರ ಮುಂದೆ ಹೇಳಿಯೂ ಹೇಳಿದ್ದಳು. ದೀಪಾವಳಿ ಹತ್ತಿರ ಬಂದಾಗ ಸಾವಕಾರರು ಮಗಳ ಸೀಮಂತಕ್ಕೆ ಸೊಲ್ಲಾಪುರಕ್ಕೆ ಹೊರಟರು. ಹೊರಡುವಾಗ ಅವಳನ್ನು ಕರೆದು ಹೇಳಿದರು.

"ಪಾಡ್ಯದ ಪೂಜಾಕ್ಕ ಬರ್ತೀನಿ ತಂಗಿ. ಈ ಸಲ ಕೈಯಾಗ ನಾಕು ಕಾಸು ಉಳದರ ಎರಡನೇ ಫೋನು ತರಸ್ತೀನಿ. ಅದರ ಮುಂದ ನೀನ ಕುಂದರು."

ಆ ದಿನ ಶೈಲಾ ಮನೆಗೆ ನಡೆದು ಹೋದಳೋ ಹಾರಿ ಹೋದಳೋ, ಅವಳಿಗೇ ನೆನಪಿಲ್ಲ.

ಸಾವಕಾರರು ಊರು ಬಿಟ್ಟ ಮೇಲೆ ಒಂದು ದಿನ ಬೆಳಗ್ಗೆ ಪ್ರಿಂಟರು ಕರಕರ ಎಂದಿತು. ಶ್ರೀಪಾದ ಬರಿಗಾಲಲ್ಲೇ ಓಡಿ ಬಂದ. ಕೈಯಲ್ಲಿ ಚೀಟಿ. ಮುಖ ಹೊಸ ಅಳಿಯನ ಹಾಗೆ ಹೊಳೆಯುತ್ತಿತ್ತು.

"ಶೈಲಾ, ಸರಿ ಸರಿ! ಇಂಥಾ ಲೆಕ್ಕ ಜೀವನದಾಗ ಒಮ್ಮೆ ಬರ್ತದ. ಒಂದು ಸಿಮೆಂಟ್ ಕಂಪನಿ ಷೇರು. ಇರೋದೆಲ್ಲ ಹಾಕೋದು. ದಲಾಲರ ಕಡೆ ಸಾಲಾನೂ ತಗೊಳ್ಳೋದು."

ಧರಣೇಂದ್ರ ಆಗಲೇ ಫೋನಿನ ಮೇಲೆ ಕೈ ಇಟ್ಟಿದ್ದ. "ದಾಟಿಸು ತಂಗಿ, ದಾಟಿಸು. ಇದರ ಲಾಭದಾಗ ನಿನ್ನ ಫೋನೂ ಬರತೈತಿ, ಫೋನಿಗೆ ಹಾಸಾಕ ಜರತಾರಿ ಬಟ್ಟಿನೂ ಬರತೈತಿ."

ಶೈಲಾಳ ಕೈ ಅಗಳಿಯ ಮೇಲಿತ್ತು. ಎಳೆಯಲು ಅವಳಿಗೆ ಮನಸ್ಸಿರಲಿಲ್ಲ. ಆದರೂ ಕೇಳುವುದನ್ನು ಕೇಳಲೇಬೇಕು.

"ಲೆಕ್ಕ ಸುಳ್ಳಾದರ?"

"ಸುಳ್ಳಾಗೂದಿಲ್ಲ," ಎಂದ ಶ್ರೀಪಾದ. "ಕಂಪ್ಯೂಟರಿಗೆ ತುಂಬಿದ ಅಷ್ಟೂ ದರ ಹಾಕಿ ನೋಡೀನಿ. ಒಂದು ಸಲಾನೂ ಸೋತಿಲ್ಲ."

ಕಂಪ್ಯೂಟರಿಗೆ ದರ ತುಂಬಿದ್ದು ಎಲ್ಲಿಂದ ಎಂಬುದು ಶೈಲಾಗೆ ಗೊತ್ತಿತ್ತು. ಸಾವಕಾರರು ಕೂಡಿಟ್ಟಿದ್ದ ಹಳೆಯ ಪತ್ರಿಕೆಗಳಿಂದ. ಮೂವರೂ ನೆಲದ ಮೇಲೆ ಕೂತು, ಒಬ್ಬರು ಓದಿ, ಇನ್ನೊಬ್ಬರು ಒತ್ತಿ, ಮತ್ತೊಬ್ಬರು ಶೇಂಗಾ ಸುಲಿದು ತುಂಬಿದ್ದರು. ಎಂಥ ಚಂದದ ಮಧ್ಯಾಹ್ನಗಳವು! ಆದರೆ ಗಂಟಿನ ತಳದ ಪತ್ರಿಕೆಗಳು ಕೈಗೆ ಸಿಕ್ಕಿರಲಿಲ್ಲ. ಎತ್ತಿದರೆ ಪುಡಿಯಾಗಿ ಉದುರಿದ್ದವು.

"ತಳದ ಪೇಪರ್ ಗೆದ್ದಲು ತಿಂದಿದ್ದು ನೆನಪೈತೇನು?" ಎಂದಳು. "ಷೇರು ಬಿದ್ದ ವರ್ಷಗಳು ಅದರಾಗ ಇದ್ದವು. ನಿನ್ನ ಸೂತ್ರ ಬರೇ ಏರಿದ ವರ್ಷ ನೋಡೇತಿ. ಬ್ಯಾಸಿಗ್ಯಾಗ ಹುಟ್ಟಿದ ಕೂಸು ಮಳಿ ಅನ್ನೂದ ಇಲ್ಲ ಅಂದಂಗ ಆತು ಇದು."

"ಗೆದ್ದಲು ತಿಂದದ್ದಕ್ಕ ನಾ ಏನು ಮಾಡ್ಲಿ?"

"ಏನೂ ಮಾಡಬ್ಯಾಡ. ತಿಂದಿಲ್ಲ ಅಂತ ಮಾತ್ರ ನಡಕೋಬ್ಯಾಡ."

ಧರಣೇಂದ್ರನಿಗೆ ತಡೆಯಲಾಗಲಿಲ್ಲ. ಸೊಲ್ಲಾಪುರಕ್ಕೆ ಫೋನು ಹಚ್ಚಿದ. ಅತ್ತ ಸೀಮಂತದ ಗದ್ದಲ, ಹಾಡು. ಸಾವಕಾರರು ಎಲ್ಲ ಕೇಳಿ ಒಂದೇ ಮಾತು ಕೇಳಿದರು. "ಅಗಳಿ ಹತ್ರ ಯಾರು ಕುಂತಾರ?"

"ಶೈಲಾ ರೀ."

"ಹಂಗಾರ ನನ್ನ ಯಾಕ ಕೇಳ್ತಿ?" ಎಂದು ಫೋನು ಇಟ್ಟುಬಿಟ್ಟರು.

ಶೈಲಾ ಕಣ್ಣು ಮುಚ್ಚಿದಳು. ಕಪ್ಪು ಫೋನು ಕಂಡಿತು, ಜರತಾರಿ ಬಟ್ಟೆ ಕಂಡಿತು. ಕಣ್ಣು ತೆರೆದು ಅಗಳಿ ಎಳೆದಳು.

"ಈ ಚೀಟಿ ದಾಟೂದಿಲ್ಲ. ಇರೋದರಾಗ ಕಾಲುಪಾಲು ಮಾತ್ರ ತಗೋರಿ. ಸಾಲ ಬ್ಯಾಡ. ಅಷ್ಟು ಹೋದರೂ ನಮಗ ಜೀವ ಉಳೀತೈತಿ."

ಧರಣೇಂದ್ರ ಕಾಲುಪಾಲು ಕೊಂಡ. ಆ ದಿನ ಅವನ "ತಗೋರಿ" ಕೇಳಲು ಮೆಟ್ಟಿಲ ಮೇಲೆ ನಿಂತವರು, ಇಷ್ಟೇನಾ ಎಂದುಕೊಂಡು ಇಳಿದು ಹೋದರು.

ಈಗ ನೀವು, ಆ ಷೇರು ದೊಪ್ಪನೆ ಬಿದ್ದಿತು, ಶೈಲಾ ಗೆದ್ದಳು ಎಂದುಕೊಂಡಿರಬೇಕು. ಅಷ್ಟು ಸುಲಭಕ್ಕೆ ಸಿಗುವ ಬುದ್ಧಿಯಾಗಿದ್ದರೆ ನಾನು ಈ ಕಥೆ ಹೇಳುತ್ತಲೇ ಇರಲಿಲ್ಲ. ಷೇರು ಏರಿತು. ಮರುದಿನ ಏರಿತು, ಅದರ ಮರುದಿನವೂ ಏರಿತು. ಎದುರು ಸಾಲಿನ ಎಣ್ಣೆ ವ್ಯಾಪಾರಿ ಗುರುಶಾಂತಪ್ಪ ಅದೇ ಷೇರನ್ನು ಸಾಲ ಮಾಡಿ ಕೊಂಡಿದ್ದ. ಅವನ ಅಂಗಡಿಗೆ ಹೊಸ ಬಣ್ಣ ಬಂತು, ಬಾಗಿಲಲ್ಲಿ ಕಾರು ಬಂತು. ಅವನ ಹೆಂಡತಿ ಹೊಸ ಬಳೆ ತೋರಿಸಲೆಂದೇ ಕೈ ಎತ್ತಿ ಎತ್ತಿ ಮಾತಾಡತೊಡಗಿದಳು. ಸಾವಕಾರರ ಮಾಳಿಗೆಗೆ ಬಂದ ಲಾಭ ಪ್ರಿಂಟರಿನ ಕಾಗದಕ್ಕಾಯಿತು ಅಷ್ಟೇ.

ಸಂಜೆ ತಿನ್ನಲು ಮಂಡಕ್ಕಿ ಗಿರ್ಮಿಟ್ಟು, ಮಿರ್ಚಿ ಭಜಿ ಬಂದಾಗ ಧರಣೇಂದ್ರ ಪೊಟ್ಟಣ ಎತ್ತಿ ಹಿಡಿಯುತ್ತಿದ್ದ. "ಶೈಲಾಗ ಮಿರ್ಚಿ ಕೊಡಬ್ಯಾಡ್ರಿ. ನಾಲಗಿ ಸುಟ್ಟರ ಏನು ಗತಿ ಅಂತ ಅದಕ್ಕೂ ಅಗಳಿ ಹಾಕ್ತಾಳ!"

ಎಲ್ಲರೂ ನಗುತ್ತಿದ್ದರು. ಶೈಲಾಳೂ ನಗುತ್ತಿದ್ದಳು. ತನ್ನ ಪಾಲಿನ ಮಿರ್ಚಿಯನ್ನು ಮಾತ್ರ ಕಾಗದದಲ್ಲಿ ಸುತ್ತಿ ಹಾಗೇ ಇಟ್ಟುಬಿಡುತ್ತಿದ್ದಳು.  ಶ್ರೀಪಾದನಂತೂ ಅವಳ ಮುಖ ನೋಡದೆ, ಚೀಟಿಯನ್ನು ಕೈಗೆ ಕೊಡುವ ಬದಲು ಅವಳ ಕುರ್ಚಿಯ ಕೈಯ ಮೇಲೆ ಇಟ್ಟು ಹೋಗುತ್ತಿದ್ದ. ಬೈದಿದ್ದರೆ ಅವಳಿಗೆ ಇಷ್ಟು ನೋಯುತ್ತಿರಲಿಲ್ಲ.

ಪಾಡ್ಯದ ದಿನ ಸಾವಕಾರರು ಬಂದು ಪೂಜೆ ಮಾಡಿದರು. ಕಂಪ್ಯೂಟರಿಗೆ ವಿಭೂತಿ, ಫೋನಿಗೆ ಚೆಂಡು ಹೂವು. ಫೋನು ಒಂದೇ ಇತ್ತು. ಎಲ್ಲರೂ ಪ್ರಸಾದ ತಿಂದು ಇಳಿದ ಮೇಲೆ ಶೈಲಾ ಕಣ್ಣೊರೆಸಿಕೊಳ್ಳುತ್ತಾ ಸಾವಕಾರರ ಮುಂದೆ ನಿಂತಳು.

"ನನ್ನ ಆ ಕುರ್ಚಿಯಿಂದ ತಗೀರಿ. ನಾ ಮನಿಗೆ ನಷ್ಟ ಮಾಡೀನಿ."

ಸಾವಕಾರರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. "ನಾಳೆ ಮತ್ತ ಅಂಥಾದ ಚೀಟಿ ಬರತೈತಿ ಅನಕೋ. ಅವತ್ತು ಗೊತ್ತಿದ್ದಷ್ಟ ಗೊತ್ತೈತಿ, ಹೆಚ್ಚಿಂದೇನೂ ಇಲ್ಲ. ಏನು ಮಾಡ್ತಿ?"

ಶೈಲಾ ಯೋಚಿಸಿದಳು. ಬೇರೆ ಉತ್ತರ ಹೇಳಬೇಕೆಂದು ಬಹಳ ಅನಿಸಿತು. ಸಿಗಲಿಲ್ಲ.

"ಅಗಳಿ ಎಳೀತೀನಿ ರೀ."

"ಮತ್ತ ಅಳೂದು ಯಾಕ?"

"ಎಲ್ಲಾರೂ ನಗತಾರ ರೀ."

"ನಗಸಿಕೊಳ್ಳೂದು ಪಗಾರದಾಗ ಸೇರೇತಿ ತಂಗಿ," ಎಂದರು ಸಾವಕಾರರು. "ಆ ಗುರುಶಾಂತ ಕಣ್ಣು ಮುಚಗೊಂಡು ರಸ್ತೆ ದಾಟ್ಯಾನ. ಗಾಡಿ ಬರಲಿಲ್ಲ, ದಾಟಿದ. ಅದಕ್ಕ ನಾವೂ ಕಣ್ಣು ಮುಚಗೊಂಡ ದಾಟೂಣೇನು? ಫೋನಿನ ಕುರ್ಚಿ ಬೇಕಂದರ ಧರಣೇಂದ್ರನ್ನ ಎಬ್ಬಸಿ ನಾಳೇನ ಕೊಡ್ತೀನಿ. ಆದರ ಇಲ್ಲಿ ಯಾರನ್ನ ಕುಂದರಸ್ಲಿ? ನೀನ ಹೇಳು."

ಶೈಲಾ ಒಬ್ಬೊಬ್ಬರ ಹೆಸರನ್ನೂ ಮನಸ್ಸಿನಲ್ಲೇ ಆ ಕುರ್ಚಿಯ ಮೇಲೆ ಕೂರಿಸಿ ನೋಡಿದಳು. ಧರಣೇಂದ್ರ ಕೂತರೆ ಗೆಳೆಯರ ಮುಖ ನೋಡಿ ಬಿಟ್ಟುಬಿಡುತ್ತಾನೆ. ಶ್ರೀಪಾದ ಕೂತರೆ ತನ್ನ ಲೆಕ್ಕವನ್ನು ತಾನೇ ಪ್ರೀತಿಸುತ್ತಾನೆ. ಕೊನೆಗೆ ಅವಳೇ ಹೋಗಿ ಆ ಕುರ್ಚಿಯ ಮೇಲೆ ಬಿದ್ದಿದ್ದ ಹೂವಿನ ಎಸಳು ಕೊಡವಿ ಕೂತಳು.  ಸಾವಕಾರರು ಟೋಪಿ ಹಾಕಿಕೊಂಡು ಮೆಟ್ಟಿಲಿಳಿದರು.

ಚಳಿಗಾಲ ಕಳೆಯಿತು. ಸೂತ್ರ ಇನ್ನೂ ಏರುತ್ತದೆ, ಇನ್ನೂ ಏರುತ್ತದೆ ಎನ್ನುತ್ತಲೇ ಇತ್ತು. ಶಿವರಾತ್ರಿ ಮುಗಿದ ವಾರ ಷೇರು ಬಿತ್ತು. ಮಾರುವೆನೆಂದರೆ ಕೊಳ್ಳುವವರಿಲ್ಲ. ದಿನವಿಡೀ ಫೋನಿನಲ್ಲಿ ಕೂಗಿ ಕೂಗಿ ಧರಣೇಂದ್ರನ ಗಂಟಲು ಕೂತಿತು. ಸಾವಕಾರರ ಕಾಲುಪಾಲು ಹೋಯಿತು. ಮುಕ್ಕಾಲು ಉಳಿಯಿತು.

ಮರುದಿನ ಬೆಳಗ್ಗೆ ಶೈಲಾ ಎಂದಿನ ಹೊತ್ತಿಗೆ ಬಂದಳು. ಕಸ ಗುಡಿಸುವ ಫಕೀರವ್ವ ಬಾಗಿಲು ತೆರೆದು ನೀರು ಚಿಮುಕಿಸುತ್ತಿದ್ದಳು. ಶ್ರೀಪಾದ ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಿದ್ದ. ಹೋಗುವ ಮೊದಲು ಅವಳ ಹತ್ತಿರ ನಿಂತು, "ಗೆದ್ದಲು ತಿಂದ ವರ್ಷಗಳ ಪೇಪರ್ ಧಾರವಾಡದ ಲೈಬ್ರರಿಯೊಳಗ ಸಿಗ್ತಾವಂತ. ಭಾನುವಾರ ಹೋಗೋಣೇನು?" ಎಂದ. ಎಷ್ಟೋ ತಿಂಗಳ ಮೇಲೆ ಅವನು ಅವಳ ಮುಖ ನೋಡಿ ಮಾತಾಡಿದ್ದು ಅದೇ.

ಧರಣೇಂದ್ರ ತಡವಾಗಿ ಬಂದ. ಎದುರು ಸಾಲಿನಲ್ಲಿ ಗುರುಶಾಂತಪ್ಪನ ಅಂಗಡಿಗೆ ಬೀಗ ಬಿದ್ದಿತ್ತು. ಕಾರು ಇರಲಿಲ್ಲ. ಧರಣೇಂದ್ರ ಮೆಟ್ಟಿಲ ಮೇಲೆ ನಿಂತು ಆ ಬೀಗವನ್ನು ಬಹಳ ಹೊತ್ತು ನೋಡಿದ.  ಮೇಲೆ ಬಂದು, ಕೂತ ಗಂಟಲಲ್ಲಿ ಕೇಳಿದ.

"ಚಾ ಕುಡೀತೀಯೇನು?"

"ಸಕ್ಕರಿ ಕಡಿಮಿ ಹಾಕಸು," ಎಂದಳು ಶೈಲಾ.

ಹೊಗಳಿಕೆ ಅಂತ ಅವಳಿಗೆ ಸಿಕ್ಕದ್ದು ಅಷ್ಟೇ. ಹಾರವಿಲ್ಲ, ಶಾಲಿಲ್ಲ.

ಮುಂದೆ ಎರಡನೇ ಫೋನು ಬಂತು, ಮೂರನೆಯದೂ ಬಂತು. ಸಾವಕಾರರು ತೀರಿಕೊಂಡರು. ಫ್ಯಾಕ್ಟರಿ ಕೆಡವಿ ಕಲ್ಯಾಣ ಮಂಟಪ ಕಟ್ಟಿದರು. ಶೈಲಾ ಮುಂಬೈಯಲ್ಲಿ ದೊಡ್ಡ ಕಂಪನಿಯೊಂದರ ರಿಸ್ಕ್ ವಿಭಾಗಕ್ಕೆ ಯಜಮಾನಿಯಾದಳು. ಅಲ್ಲಿ ಬಾಗಿಲುಗಳು ತಾವೇ ತೆರೆದುಕೊಳ್ಳುತ್ತವೆ, ಷೇರು ಕೊಳ್ಳುವಾಗ ಯಾರೂ ಕೂಗುವುದಿಲ್ಲ. ಕಾಫಿ ಕೊಡುವ ಯಂತ್ರವಿದೆ. ಆ ಕಾಫಿ ಕುಡಿದಾಗೆಲ್ಲ ಅವಳಿಗೆ ಆ ಬೆಳಗು ನೆನಪಾಗುತ್ತದೆ. ಒದ್ದೆ ಮಣ್ಣಿನ ವಾಸನೆ, ಒಳಗೆ ಕರಕರ ಶುರುವಾದ ಪ್ರಿಂಟರು, ಸಕ್ಕರೆ ಕಡಿಮೆ ಎಂದರೂ ಧರಣೇಂದ್ರ ಸಕ್ಕರೆ ಸುರಿಸಿಕೊಂಡೇ ತಂದ ಚಹಾ. ಏನೂ ಆಗದೆ ಇದ್ದ ಒಂದು ಬೆಳಗು. ಅಂಥ ಬೆಳಗು ಇನ್ನೊಮ್ಮೆ ಸಿಗುವುದಾದರೆ ಅವಳು ಈ ಗಾಜಿನ ಕಟ್ಟಡವನ್ನು ಹಾಗೇ ಬಿಟ್ಟು ಎದ್ದು ಬಂದಾಳು.

ನೀತಿ: ಲಾಭ ಬಂದ ಮಾತ್ರಕ್ಕೆ ಹುಚ್ಚು ಸಾಹಸ ಜಾಣತನವಾಗುವುದಿಲ್ಲ, ಲಾಭ ತಪ್ಪಿದ ಮಾತ್ರಕ್ಕೆ ಎಚ್ಚರ ದಡ್ಡತನವಾಗುವುದಿಲ್ಲ. ಆ ಹೊತ್ತಿಗೆ ಗೊತ್ತಿದ್ದದ್ದನ್ನು ಎಷ್ಟು ಪ್ರಾಮಾಣಿಕವಾಗಿ ನೋಡಿದಿರಿ ಎಂಬುದೇ ಅಳತೆ. ಕೆಲಸ ಆರಿಸುವ ಮಕ್ಕಳೇ, ಚಪ್ಪಾಳೆ ಎಲ್ಲಿ ಕೇಳುತ್ತದೆ ಎಂದು ಕಿವಿ ಕೊಡಬೇಡಿ. ನೀವು ಎದ್ದು ಹೋದರೆ ಯಾವ ಕುರ್ಚಿಗೆ ಜನ ಸಿಗುವುದಿಲ್ಲವೋ, ಅದರ ಬೆಲೆಯನ್ನು ಮೊದಲು ತಿಳಿಯಿರಿ.