ಉಪ್ಪಿನವಳು ತಿರುಗಿಸಿದ ಕಲ್ಲುಗಳು

“ಗುರುಗಳೇ, ಉಳಿದ ಆರು ಊರು ಎಲ್ಲಿ ಹೋದವು?” ಎಂದು ಶಿಷ್ಯೆ ಕೇಳಿದಳು.

“ಯಾವ ಆರು ಊರು?”

“ಲಿಸ್ಪ್ ಎಂಬ ಗಣಕ ಭಾಷೆಯಲ್ಲಿ ಏಳು ಊರುಗಳ ಪಟ್ಟಿ ಮಾಡಿದ್ದೆ. ಅದನ್ನು ಹಿಂದುಮುಂದು ಮಾಡಬೇಕಿತ್ತು. ಹೊಸ ಪಟ್ಟಿ ಕಟ್ಟಿ ಕೊಡುವ ಆಜ್ಞೆ ಒಂದಿದೆ. ಇದ್ದ ಪಟ್ಟಿಯನ್ನೇ ತಿರುಗಿಸಿ ಬಿಡುವ ಆಜ್ಞೆ ಇನ್ನೊಂದಿದೆ. ಎರಡನೆಯದು ಬೇಗ ಮುಗಿಯುತ್ತದೆ, ಹೊಸ ಜಾಗ ಕೇಳುವುದಿಲ್ಲ ಎಂದು ಅದನ್ನೇ ಬಳಸಿದೆ. ಉತ್ತರ ಸರಿಯಾಗಿಯೇ ಬಂತು. ಆದರೆ ಈಗ ಪಟ್ಟಿಯನ್ನು ಹಳೆಯ ಹೆಸರಿನಿಂದ ಕರೆದರೆ ಒಂದೇ ಊರು ಬರುತ್ತದೆ. ನಡುವೆ ಬಂದು ಇದಕ್ಕೆ ಸೇರುವ ಇನ್ನೊಂದು ಪಟ್ಟಿ ಇತ್ತು. ಅದನ್ನು ನಾನು ಮುಟ್ಟಿಯೇ ಇಲ್ಲ. ಅದೂ ಎಲ್ಲೆಲ್ಲೋ ಹೋಗುತ್ತಿದೆ.”

“ಆ ಯಂತ್ರವನ್ನು ಸ್ವಲ್ಪ ಹೊತ್ತು ಮುಚ್ಚಿಡು” ಎಂದು ಗುರುಗಳು ಹೇಳಿದರು. ಆಮೇಲೆ ಈ ಕತೆ ಹೇಳಿದರು.

ಕಾಡಿನ ನಡುವೆ, ಒಂದು ಅರವಟ್ಟಿಗೆಯ ಮುಂದೆ, ಇಬ್ಬರು ಹೆಂಗಸರು ದಾರಿ ತಪ್ಪಿ ನಿಂತಿದ್ದರು. ಒಬ್ಬಳು ಉಪ್ಪು ಮಾರುವವಳು. ಇನ್ನೊಬ್ಬಳು ಸೂಲಗಿತ್ತಿ. ಘಟ್ಟದ ಮೇಲಿನ ಪೇಟೆಯಲ್ಲಿ ಉಪ್ಪಿನವಳ ಮಗಳಿಗೆ ದಿನ ತುಂಬಿತ್ತು. ಚೊಚ್ಚಲು ಬಸಿರು, ಮಗು ಅಡ್ಡ ಬಿದ್ದಿದೆ ಎಂದು ಸುದ್ದಿ ಬಂದಿತ್ತು. ಅಡ್ಡ ಬಿದ್ದ ಮಗುವನ್ನು ಹೊಟ್ಟೆಯ ಮೇಲಿನಿಂದಲೇ ಕೈಯಿಂದ ತಿರುಗಿಸಬಲ್ಲವಳು ಆ ಸೀಮೆಗೆಲ್ಲ ಈ ಸೂಲಗಿತ್ತಿ ಒಬ್ಬಳೇ. ಉಪ್ಪಿನವಳು ಅವಳ ಹಳ್ಳಿಗೆ ಓಡಿ, ಅವಳನ್ನು ಕರೆದುಕೊಂಡು, ಆ ಹಳ್ಳಿಯಿಂದ ಕಾಡಿಗೆ ಇಳಿಯುವ ಕಾಲುದಾರಿ ಹಿಡಿದಿದ್ದಳು. ಕಾಲುದಾರಿ ಒಂದು ಅರವಟ್ಟಿಗೆಯ ಬಳಿ ದೊಡ್ಡ ದಾರಿಗೆ ಸೇರಿತು. ಅಲ್ಲಿ ಬಾಣದ ಗುರುತಿನ ಒಂದು ಕಲ್ಲಿತ್ತು. ಬಾಣ ತೋರಿಸಿದ ಕಡೆ ನಡೆದು ಇಬ್ಬರೂ ಇನ್ನೊಂದು ಅರವಟ್ಟಿಗೆಗೆ ಬಂದು ಮುಟ್ಟಿದ್ದರು.

“ಪೇಟೆ ಇರುವುದು ಘಟ್ಟದ ಮೇಲೆ. ನಾವು ಬೆಳಗಿನಿಂದ ಇಳಿಯುತ್ತಲೇ ಇದ್ದೇವೆ” ಎಂದಳು ಸೂಲಗಿತ್ತಿ. “ನಿನ್ನ ಮೊಮ್ಮಗುವೇನು ಸಮುದ್ರದಲ್ಲಿ ಹುಟ್ಟುತ್ತದೆಯೇ?”

ಆ ಅರವಟ್ಟಿಗೆಯಲ್ಲಿ ದಾರಿಹೋಕರಿಗೆ ನೀರು ಕೊಡುವ ಅಜ್ಜಿಯೊಬ್ಬಳಿದ್ದಳು. ಉಪ್ಪಿನವಳು ಅವಳನ್ನು ಕೇಳಿದಳು: “ಅಜ್ಜೀ, ಪೇಟೆಗೆ ಯಾವ ಕಡೆ?”

“ನನಗೆ ಗೊತ್ತಿರುವುದು ಮುಂದಿನ ಅರವಟ್ಟಿಗೆ ಒಂದೇ. ಅದನ್ನು ಕಲ್ಲು ತೋರಿಸುತ್ತದೆ. ಹೋಗಿಬರುವವರು ಹೇಳುವಂತೆ ಈ ದಾರಿಯಲ್ಲಿ ಏಳು ಅರವಟ್ಟಿಗೆ, ಏಳು ಕಲ್ಲು. ಮೊದಲು ಅವು ಕಡಲ ಬದಿಯ ಉಪ್ಪಿನಾಗರದಿಂದ ಪೇಟೆಗೆ ದಾರಿ ತೋರಿಸುತ್ತಿದ್ದವು. ಮೂರು ವರ್ಷದ ಹಿಂದೆ ಯಾವಳೋ ಒಬ್ಬಳು ಬಂದು ಏಳನ್ನೂ ತಿರುಗಿಸಿ ಹೋದಳು. ನಾನು ನೀರಿಗೆ ಹೋಗಿದ್ದೆ, ಮುಖ ನೋಡಲಿಲ್ಲ. ಕಲ್ಲಿನ ಮೇಲೆ ಉಪ್ಪಿನ ಹರಳು ಅಂಟಿತ್ತು. ಅವಳ ಕೈಗೆ ಕಜ್ಜಿ ಹತ್ತ! ಅಂದಿನಿಂದ ಆಗರದ ಕಡೆಯಿಂದ ಬರುವವರು ಮೊದಲನೆಯ ಕಲ್ಲು ಬೋರಲು ಬಿದ್ದಿರುವುದನ್ನು ನೋಡಿ, ದಾರಿ ಅಲ್ಲಿಗೇ ಮುಗಿಯಿತೆಂದು ಮನೆಗೆ ಹೋಗುತ್ತಾರೆ. ನಿಮ್ಮ ಹಾಗೆ ನಡುವೆ ಬಂದು ಸೇರುವವರು ಪೇಟೆಗೆಂದು ಹೊರಟು ಕಡಲು ನೋಡಿ ಬರುತ್ತಾರೆ.”

ಉಪ್ಪಿನವಳು ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

ಮೂರು ವರ್ಷದ ಹಿಂದೆ ಅವಳು ಆ ಏಳು ಕಲ್ಲುಗಳನ್ನು ನೋಡಿಕೊಂಡೇ ಮೊದಲ ಸಲ ಪೇಟೆಗೆ ಉಪ್ಪು ಒಯ್ದಿದ್ದಳು. ಹೋಗುವುದಕ್ಕೆ ಗುರುತಿತ್ತು, ಬರುವುದಕ್ಕೆ ಇರಲಿಲ್ಲ. ಹೊಸ ಕಲ್ಲು ಕಡೆಸಿ ಹೊರುವುದು ಯಾರಿಗೆ ಬೇಕು ಎಂದುಕೊಂಡಳು. ಒಂದೊಂದು ಅರವಟ್ಟಿಗೆಯಲ್ಲೂ ಬಾಣ ಯಾವ ಕಡೆ ತೋರಿಸುತ್ತದೆ ಎಂದು ಮೊದಲು ನೆನಪಿಟ್ಟುಕೊಂಡಳು. ಆಮೇಲೆ ಕಲ್ಲನ್ನು ತಾನು ಬಂದ ಕಡೆಗೆ ತಿರುಗಿಸಿದಳು. ಆಮೇಲೆ ನೆನಪಿನಲ್ಲಿದ್ದ ಕಡೆಗೆ ನಡೆದಳು. ಮೊದಲನೆಯ ಕಲ್ಲಿನ ಹಿಂದೆ ಅವಳ ಊರಲ್ಲದೆ ಬೇರೆ ಅರವಟ್ಟಿಗೆ ಇರಲಿಲ್ಲ. ತೋರಿಸುವುದಕ್ಕೆ ಮುಂದೆ ಏನೂ ಇಲ್ಲವೆಂದು ಅದನ್ನು ಬೋರಲು ಹಾಕಿದ್ದಳು. ಉಪ್ಪು ಮಾರಿ, ಪೇಟೆಯ ತುದಿಯಿಂದ ಹೊರಟು, ಒಂದು ಕಡೆಯೂ ತಪ್ಪದೆ ಮನೆ ಸೇರಿದಳು. ತನ್ನ ಬುದ್ಧಿಯನ್ನು ತಾನೇ ನಾಲ್ಕು ದಿನ ಹೊಗಳಿಕೊಂಡಳು. ಆಮೇಲೆ ಪೇಟೆಗೆ ಹೋಗುವಾಗೆಲ್ಲ ಯಾರದೋ ಗಾಡಿ ಹತ್ತಿ ಎರಡು ದಿನದ ಸುತ್ತು ದಾರಿಯಲ್ಲಿ ಹೋದಳು. ಕಲ್ಲುಗಳನ್ನು ಮರೆತೇಬಿಟ್ಟಳು. ಇಂದು ಬೇರೆ ಊರಿನಿಂದ ಬೇರೆ ಕಾಲುದಾರಿಯಲ್ಲಿ ಬಂದಾಗ, ಇದು ತಾನು ತಿರುಗಿಸಿದ ದಾರಿಯೇ ಎಂದು ಅವಳಿಗೆ ಹೊಳೆಯಲಿಲ್ಲ. ಕಾಡಿನಲ್ಲಿ ಅರವಟ್ಟಿಗೆಗಳೆಲ್ಲ ಒಂದೇ ತರ: ಒಂದು ಚಪ್ಪರ, ಒಂದು ಗಡಿಗೆ, ಒಂದು ಕಲ್ಲು.

“ಅಜ್ಜೀ, ಆ ಉಪ್ಪಿನವಳು ನಾನೇ” ಎಂದಳು. “ನನ್ನ ಮಗಳು ಅಲ್ಲಿ ಒದ್ದಾಡುತ್ತಿದ್ದಾಳೆ.”

ಅಜ್ಜಿ ಅವಳನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. “ಹೌದೇ? ಮೊದಲು ನೀರು ಕುಡಿ. ಬೈಯುವುದು ಆಮೇಲೆ. ದಾರಿ ಎಲ್ಲೂ ಹೋಗಿಲ್ಲ, ಅಳಬೇಡ. ಪೇಟೆಯ ತುದಿಯಿಂದ ಹಿಡಿದರೆ ಏಳೂ ಅರವಟ್ಟಿಗೆ ಇದ್ದಲ್ಲೇ ಇವೆ. ಪೇಟೆಯವರು ಹೇರು ಹೊತ್ತ ಎತ್ತುಗಳನ್ನು ಹೊಡೆದುಕೊಂಡು ಆ ಕಲ್ಲುಗಳನ್ನು ನೋಡಿಕೊಂಡೇ ಇಳಿದು ಬರುತ್ತಾರೆ. ದಾರಿ ಕವಲೊಡೆದಲ್ಲಿ ಸಗಣಿ ಎಲ್ಲಿ ಬಿದ್ದಿದೆ ನೋಡಿ. ಎತ್ತು ಬಂದ ಕಡೆಗೇ ನೀವು ಹೋಗಿ.”

ಇಬ್ಬರೂ ಸಗಣಿಯ ಜಾಡು ಹಿಡಿದು, ಬಾಣಗಳಿಗೆ ಬೆನ್ನು ಕೊಟ್ಟು ಹತ್ತಿದರು. ಹೊತ್ತು ಇಳಿಯುವ ಮೊದಲೇ ಪೇಟೆ ಸೇರಿದರು. ಸೂಲಗಿತ್ತಿ ಕೈಗೆ ಎಣ್ಣೆ ಹಚ್ಚಿಕೊಂಡು ಒಳಗೆ ಹೋದಳು. ಉಪ್ಪಿನವಳು ಹೊಸಿಲ ಹೊರಗೆ ಕುಕ್ಕರುಗಾಲಿನಲ್ಲಿ ಕುಳಿತಳು. ಬಹಳ ಹೊತ್ತಿನ ಮೇಲೆ ಮಗು ಅತ್ತಿತು. ಅದರ ಹಿಂದೆಯೇ ಮಗಳ ದನಿ ಕೇಳಿಸಿತು: “ಅವ್ವಾ, ನನಗೆ ಹಸಿವು.” ಉಪ್ಪಿನವಳು ಗೋಡೆಗೆ ಒರಗಿ ಕಾಲು ಚಾಚಿದಳು. ಸುಮ್ಮನೆ ನಕ್ಕಳು.

ಬಾಣಂತಿಗೆ ನೀರು ಹಾಕಿದ ಮೇಲೆ ಸೂಲಗಿತ್ತಿಗೆ ಸೀರೆ, ಅಕ್ಕಿ, ತೆಂಗಿನಕಾಯಿ ಕೊಡುವುದು ಅಲ್ಲಿಯ ಪದ್ಧತಿ. ಉಪ್ಪಿನವಳು ಮೊರದಲ್ಲಿ ಮೂರನ್ನೂ ಇಟ್ಟು ಮುಂದೆ ಹಿಡಿದಳು. ಸೂಲಗಿತ್ತಿ ಕೈ ಚಾಚಲಿಲ್ಲ.

“ಮಗುವನ್ನು ತಿರುಗಿಸುವ ಮೊದಲು ಹೊಕ್ಕುಳಬಳ್ಳಿ ಎಲ್ಲೆಲ್ಲಿ ಸುತ್ತಿದೆ ಎಂದು ಬೆರಳಿನಲ್ಲಿ ಹುಡುಕುತ್ತೇನೆ. ಆಮೇಲೆಯೇ ಕೈ ಹಾಕುವುದು” ಎಂದಳು. “ನೀನು ಕಲ್ಲು ತಿರುಗಿಸುವಾಗ ಏನು ಹುಡುಕಿದೆ?”

ಉಪ್ಪಿನವಳು ಮೊರವನ್ನು ನೆಲಕ್ಕಿಟ್ಟಳು. ಸೂಲಗಿತ್ತಿ ಅದನ್ನು ಅವಳ ಕಡೆಗೇ ತಳ್ಳಿದಳು.

“ಸೀರೆ ನನ್ನ ಪೆಟ್ಟಿಗೆಯಲ್ಲಿ ಬೇಕಾದಷ್ಟಿವೆ. ನನಗೆ ಕೊಡಬೇಕಾದದ್ದನ್ನು ಆ ದಾರಿಗೆ ಕೊಡು. ಅದು ಮುಟ್ಟುವವರೆಗೆ ಈ ಹೆರಿಗೆ ನಿನ್ನ ಮೇಲೆ ಸಾಲ.”

ಉಪ್ಪಿನವಳು ಕಲ್ಲುಕುಟಿಗನಿಂದ ಏಳು ಹೊಸ ಕಲ್ಲು ಕಡೆಸಿದಳು. ಒಂದು ಸಲಕ್ಕೆ ಒಂದೇ ಕಲ್ಲನ್ನು ತಲೆಯ ಮೇಲೆ ಹೊತ್ತಳು. ಏಳು ಸಲ ಕಾಡು ಹೊಕ್ಕಳು. ಒಂದೊಂದು ಅರವಟ್ಟಿಗೆಯಲ್ಲೂ ಹಳೆಯ ಕಲ್ಲಿನ ಪಕ್ಕ ಹೊಸದನ್ನು ಬಾಣ ಪೇಟೆಯ ಕಡೆ ತೋರಿಸುವಂತೆ ನೆಟ್ಟು, ಇದು ಪೇಟೆಗೆ ಹೋಗುವವರ ಕಲ್ಲು ಎಂಬ ಗುರುತಿಗೆ ಸುಣ್ಣ ಬಳಿದಳು. ಹಳೆಯದನ್ನು ಮುಟ್ಟಲಿಲ್ಲ. ನೆತ್ತಿಯ ಕೂದಲು ಸವೆಯಿತು, ಒಂದು ಸುಗ್ಗಿಯ ವ್ಯಾಪಾರ ಹೋಯಿತು. ಏಳನೆಯ ಕಲ್ಲಿನ ಬುಡಕ್ಕೆ ಮಣ್ಣು ತುಂಬಿ ಕಾಲಿನಿಂದ ಗಟ್ಟಿ ಮಾಡಿದ ದಿನ ಸೂಲಗಿತ್ತಿಯ ಸಾಲ ತೀರಿತು.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯೆಯ ಮುಖ ಹಗುರಾಗಿತ್ತು. “ಹಾಗಾದರೆ ನನ್ನ ಊರುಗಳೂ ಎಲ್ಲೂ ಹೋಗಿಲ್ಲ. ಆಜ್ಞೆ ಕೊಟ್ಟ ಉತ್ತರವನ್ನು ನಾನು ಹಿಡಿದುಕೊಳ್ಳಬೇಕಿತ್ತು, ಹಳೆಯ ಹೆಸರನ್ನಲ್ಲ” ಎಂದಳು. ಸ್ವಲ್ಪ ಯೋಚಿಸಿ ಮತ್ತೆ ಕೇಳಿದಳು: “ಆದರೆ ಅವಳು ಅಷ್ಟು ಕಲ್ಲು ಹೊತ್ತದ್ದು ಯಾಕೆ? ಇದ್ದ ಏಳನ್ನೇ ಇನ್ನೊಮ್ಮೆ ತಿರುಗಿಸಿದ್ದರೆ ಮೊದಲಿನಂತೆ ಆಗುತ್ತಿತ್ತಲ್ಲ? ಒಂದು ದಿನದ ಕೆಲಸ.”

“ಆ ಹೊತ್ತಿಗೆ ಪೇಟೆಯಿಂದ ಯಾರೋ ಅವುಗಳನ್ನೇ ನಂಬಿ ಹೊರಟಿದ್ದರು” ಎಂದರು ಗುರುಗಳು.

ಶಿಷ್ಯೆ ಯಂತ್ರ ತೆರೆದು, ಈ ಸಲ ಹೊಸ ಪಟ್ಟಿ ಕಟ್ಟಿ ಕೊಡುವ ಆಜ್ಞೆಯನ್ನು ಬರೆದಳು.